ಊರಲ್ಲಿ ವಿಚಾರಿಸಿ ನೋಡುವ ಪಾಠ

ಬೀದಿಯಲ್ಲಿ ಮಕ್ಕಳು ಆಡುತ್ತಿರುತ್ತಾರೆ. ಬೈಕಿನಲ್ಲಿ ಇಬ್ಬರು ಬರುತ್ತಾರೆ, ಒಂದು ಮಗುವನ್ನು ಎತ್ತಿಕೊಳ್ಳುತ್ತಾರೆ, ಬೈಕು ಕಣ್ಮರೆಯಾಗುತ್ತದೆ. 2018ರ ಬೇಸಿಗೆಯಲ್ಲಿ ಕರ್ನಾಟಕದ ಅದೆಷ್ಟೋ ಮೊಬೈಲುಗಳಲ್ಲಿ ಓಡಾಡಿದ ವಿಡಿಯೊ ಇದು. ಚಿತ್ರೀಕರಣ ನಡೆದದ್ದು ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳ ಸುರಕ್ಷತೆಯ ಬಗ್ಗೆ ತಂದೆತಾಯಿಯರನ್ನು ಎಚ್ಚರಿಸುವ ಒಂದು ಜಾಹೀರಾತಿಗಾಗಿ. ಮೂಲದಲ್ಲಿ ಬೈಕಿನವರು ವಾಪಸ್ ಬಂದು ಮಗುವನ್ನು ಇಳಿಸಿ, ಎಚ್ಚರಿಕೆಯ ಮಾತು ಬರೆದ ಫಲಕವನ್ನು ಎತ್ತಿ ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿದರು. ಉಳಿದ ತುಂಡಿಗೆ ‘ಮಕ್ಕಳ ಕಳ್ಳರು ನಮ್ಮ ಊರಿಗೂ ಬಂದಿದ್ದಾರೆ’ ಎಂಬ ಧಾಟಿಯ ಸಾಲುಗಳು ಅಂಟಿಕೊಂಡವು. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ತಿಳಿದು ಜನ ಹೊಡೆದು ಕೊಂದರು. ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇನ್ನೊಂದು ಸಾವು. ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಗುಂಪು ದಾರಿಯಲ್ಲಿ ಕಂಡ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಅಪರಾಧವಾಗಿತ್ತು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ದಾಟಿಸಲಾಗದಂತೆ ಮಿತಿ ಹಾಕಿತು.

ಇಂಥ ಘಟನೆ ನಡೆದಾಗಲೆಲ್ಲ ‘ಮಕ್ಕಳಿಗೆ ಶಾಲೆಯಲ್ಲೇ ಸುಳ್ಳು ಸುದ್ದಿ ಗುರುತಿಸುವುದನ್ನು ಕಲಿಸಬೇಕು’ ಎಂಬ ಮಾತು ಏಳುತ್ತದೆ. ಸರಿಯಾದ ಮಾತೇ. ಆದರೆ ಏನನ್ನು ಕಲಿಸಬೇಕು ಎಂದು ಕೇಳಿದರೆ ಹೊರಡುವ ಪಟ್ಟಿ ಎಲ್ಲ ಕಡೆಯೂ ಒಂದೇ: ಕಾಗುಣಿತ ತಪ್ಪಿದೆಯೇ ನೋಡಿ, ಚಿತ್ರ ಮಸುಕಾಗಿದೆಯೇ ನೋಡಿ, ದಿನಾಂಕ ಇದೆಯೇ ನೋಡಿ, ಜಾಲತಾಣದ ವಿಳಾಸ ‘ಡಾಟ್ ಆರ್ಗ್’ ಎಂದು ಮುಗಿಯುತ್ತದೆಯೇ ನೋಡಿ. ಕರಾಚಿಯ ವಿಡಿಯೊವನ್ನು ಈ ಪಟ್ಟಿಗೆ ಹಚ್ಚಿ ನೋಡಿದರೆ ಅದು ಸಲೀಸಾಗಿ ಪಾಸಾಗುತ್ತದೆ. ಚಿತ್ರ ಸ್ಪಷ್ಟ, ಬೀದಿ ನಿಜ, ಬೈಕು ನಿಜ. ಕಣ್ಣು ಕಿರಿದು ಮಾಡಿ ನೂರು ಸಲ ನೋಡಿದರೂ ಅದರೊಳಗೆ ಸುಳ್ಳಿನ ಗುರುತು ಸಿಗುತ್ತಿರಲಿಲ್ಲ. ಸುಳ್ಳು ಇದ್ದದ್ದು ಕತ್ತರಿಸಿ ಬಿಸಾಡಿದ ಭಾಗದಲ್ಲಿ. ಅದು ಸಿಗಬೇಕಾದರೆ ವಿಡಿಯೊದಿಂದ ಹೊರಗೆ ಬಂದು, ಇದು ಎಲ್ಲಿಯದು, ಮೊದಲು ಯಾರು ಹಾಕಿದ್ದು ಎಂದು ಹುಡುಕಬೇಕಿತ್ತು.

ಈ ‘ಹೊರಗೆ ಬರುವುದು’ ಎಷ್ಟು ಮುಖ್ಯ ಎಂಬುದನ್ನು ತೋರಿಸಿಕೊಟ್ಟವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ. 2017ರಲ್ಲಿ ಹೊರಬಂದ ಅವರ ಅಧ್ಯಯನದಲ್ಲಿ 45 ಮಂದಿ ಇದ್ದರು: ಇತಿಹಾಸದಲ್ಲಿ ಡಾಕ್ಟರೇಟ್ ಪಡೆದ 10 ವಿದ್ವಾಂಸರು, ಸುದ್ದಿಯ ನಿಜಾನಿಜ ಪರೀಕ್ಷಿಸುವುದನ್ನೇ ವೃತ್ತಿಯಾಗಿಸಿಕೊಂಡ 10 ಫ್ಯಾಕ್ಟ್‌ಚೆಕರ್‌ಗಳು, ಅದೇ ವಿಶ್ವವಿದ್ಯಾಲಯದ 25 ಪದವಿ ವಿದ್ಯಾರ್ಥಿಗಳು. ಇವರಿಗೆ ಕೊಟ್ಟ ಒಂದು ಕೆಲಸ ಹೀಗಿತ್ತು. ಮಕ್ಕಳ ವೈದ್ಯರ ಎರಡು ಸಂಘಗಳ ಜಾಲತಾಣಗಳಿವೆ, ಯಾವುದನ್ನು ಹೆಚ್ಚು ನಂಬಬಹುದು ಹೇಳಿ. ಒಂದು ‘ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್’. 1930ರಲ್ಲಿ ಹುಟ್ಟಿದ್ದು, 60 ಸಾವಿರಕ್ಕೂ ಹೆಚ್ಚು ವೈದ್ಯರು ಸದಸ್ಯರು. ಇನ್ನೊಂದು ‘ಅಮೆರಿಕನ್ ಕಾಲೇಜ್ ಆಫ್ ಪೀಡಿಯಾಟ್ರಿಷಿಯನ್ಸ್’. ಸಲಿಂಗಿ ದಂಪತಿ ಮಕ್ಕಳನ್ನು ದತ್ತು ತೆಗೆದುಕೊಳ್ಳುವುದನ್ನು ಅಕಾಡೆಮಿ ಬೆಂಬಲಿಸಿತೆಂದು ಮುನಿಸಿಕೊಂಡು 2002ರಲ್ಲಿ ಬೇರೆಯಾದ ಸಣ್ಣ ಗುಂಪು. ಹೆಸರು ನೋಡಿದರೆ ಎರಡೂ ಒಂದೇ ತೂಕದವು. ಎರಡೂ ತಾಣಗಳು ಅಚ್ಚುಕಟ್ಟು, ಲೇಖನದ ಕೆಳಗೆ ಆಧಾರಗಳ ಪಟ್ಟಿ ಕೂಡ ಉಂಟು.

ವಿದ್ಯಾರ್ಥಿಗಳು ತಾಣದೊಳಗೇ ಕೂತು ಮೇಲಿಂದ ಕೆಳಗೆ ಓದಿದರು. ವಿನ್ಯಾಸ ಮೆಚ್ಚಿದರು, ಉಲ್ಲೇಖಗಳನ್ನು ಎಣಿಸಿದರು, ವಿಳಾಸದ ಬಾಲ ನೋಡಿದರು, ಬಹುಪಾಲು ಮಂದಿ ಎಡವಿದರು. ಇತಿಹಾಸದ ವಿದ್ವಾಂಸರಲ್ಲೂ ಹಲವರು ಎಡವಿದರು. ಹಳೆಯ ದಾಖಲೆಗಳನ್ನು ಅಕ್ಷರ ಅಕ್ಷರವಾಗಿ ಸೋಸಿ ಓದುವ ಅವರ ಅಭ್ಯಾಸವೇ ಇಲ್ಲಿ ಅವರನ್ನು ಕಟ್ಟಿಹಾಕಿತು. ಫ್ಯಾಕ್ಟ್‌ಚೆಕರ್‌ಗಳು ಮಾಡಿದ್ದೇ ಬೇರೆ. ತಾಣ ತೆರೆದು ಕೆಲವೇ ಕ್ಷಣಗಳಲ್ಲಿ ಅದನ್ನು ಬಿಟ್ಟು, ಪಕ್ಕದಲ್ಲಿ ಹೊಸ ಕಿಟಕಿಗಳನ್ನು ತೆರೆದು, ‘ಈ ಸಂಘದ ಬಗ್ಗೆ ಬೇರೆಯವರು ಏನು ಹೇಳುತ್ತಾರೆ’ ಎಂದು ನೋಡಿದರು. ಹತ್ತಕ್ಕೆ ಹತ್ತು ಮಂದಿಯೂ ಸರಿ ಹೇಳಿದರು, ಅದೂ ಉಳಿದವರಿಗಿಂತ ಬೇಗ.

ಇದರಲ್ಲಿ ನಮಗೆ ಗೊತ್ತಿಲ್ಲದ್ದೇನೂ ಇಲ್ಲ. ಮನೆಯ ಹುಡುಗಿಗೆ ಸಂಬಂಧ ಬಂದಾಗ ಹುಡುಗನ ಗುಣ ಹೇಗೆ ಎಂದು ಹುಡುಗನ ಮನೆಯಲ್ಲೇ ಕೇಳಿ, ಅವರು ಕೊಟ್ಟ ಉಪ್ಪಿಟ್ಟು ತಿಂದು, ‘ಒಳ್ಳೆಯ ಜನ’ ಎಂದು ತೀರ್ಮಾನಿಸುವ ಹಿರಿಯರು ಯಾವ ಊರಿನಲ್ಲೂ ಇಲ್ಲ. ಅವರು ಆ ಊರಿನ ಪರಿಚಯದವರಿಗೆ ಫೋನ್ ಮಾಡುತ್ತಾರೆ, ಕೆಲಸದ ಜಾಗದಲ್ಲಿ ಯಾರಿದ್ದಾರೆ ಎಂದು ಹುಡುಕುತ್ತಾರೆ, ನಂಟಸ್ತಿಕೆ ಬೇಡವಾದವರನ್ನೂ ಒಂದು ಮಾತು ಕೇಳುತ್ತಾರೆ. ಸುದ್ದಿಯ ವಿಷಯದಲ್ಲಿ ಮಾತ್ರ ನಾವು ಮಕ್ಕಳನ್ನು ಹುಡುಗನ ಮನೆಯೊಳಗೆ ಕೂರಿಸಿ ಗೋಡೆಯ ಬಣ್ಣ ನೋಡಲು ಹೇಳುತ್ತಿದ್ದೇವೆ.

ಹಾಗಾದರೆ ಹೊರಗೆ ಹೋಗಿ ಏನನ್ನು ವಿಚಾರಿಸಬೇಕು? ತರ್ಕಶಾಸ್ತ್ರದ ಹಳೆಯ ಗ್ರಂಥ ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ ಇದಕ್ಕೆ ಬಹಳ ಹಿಂದೆಯೇ ಉತ್ತರ ಕೊಟ್ಟಿದ್ದಾನೆ. ಇನ್ನೊಬ್ಬರ ಮಾತಿನಿಂದಲೂ ನಮಗೆ ಜ್ಞಾನ ಬರುತ್ತದೆ ಎಂದು ನೈಯಾಯಿಕರು ಒಪ್ಪುತ್ತಾರೆ. ಆದರೆ ಮಾತಾಡುವವನು ಆ ಸಂಗತಿಯನ್ನು ನೇರವಾಗಿ ತಿಳಿದಿರಬೇಕು, ತಿಳಿದದ್ದನ್ನು ತಿಳಿದ ಹಾಗೆಯೇ ಹೇಳುವ ಇಚ್ಛೆ ಅವನಿಗಿರಬೇಕು. ಈ ಎರಡು ಇದ್ದರೆ ಅವನು ಋಷಿಯಾಗಲಿ, ಆರ್ಯನಾಗಲಿ, ಮ್ಲೇಚ್ಛನಾಗಲಿ ಎಲ್ಲರಿಗೂ ಒಂದೇ ನಿಯಮ ಎಂದೂ ಆತ ಸೇರಿಸುತ್ತಾನೆ. ಹತ್ತು ವರ್ಷದ ಮಗುವಿಗೆ ಇದನ್ನು ಎರಡು ಪ್ರಶ್ನೆಗಳಾಗಿ ಹೇಳಿಕೊಡಬಹುದು: ಇವರಿಗೆ ಇದು ಹೇಗೆ ಗೊತ್ತು? ಗೊತ್ತಿದ್ದದ್ದನ್ನು ನೆಟ್ಟಗೆ ಹೇಳದೆ ಇರಲು ಇವರಿಗೆ ಏನಾದರೂ ಕಾರಣ ಇದೆಯೇ? ಬಿಳಿ ಕೋಟು ತೊಟ್ಟು ಕ್ಯಾನ್ಸರಿಗೆ ಮನೆಮದ್ದು ಹೇಳುವ ವ್ಯಕ್ತಿ ಮೊದಲ ಪ್ರಶ್ನೆಯಲ್ಲೇ ಸಿಕ್ಕಿಬೀಳಬಹುದು. ಒಂದು ಹೆಲ್ತ್‌ಡ್ರಿಂಕ್ ಕುಡಿದರೆ ಮಕ್ಕಳು ಎತ್ತರ ಬೆಳೆಯುತ್ತಾರೆ ಎನ್ನುವ ಕಂಪನಿಯನ್ನು ಎರಡನೆಯದು ಹಿಡಿಯುತ್ತದೆ.

ಜಾಹೀರಾತಿನ ಮಾತು ಬಂದದ್ದರಿಂದ ಹೇಳುತ್ತೇನೆ, ಚಿಕ್ಕ ಮಕ್ಕಳಿಗೆ ಇದೇ ಮೊದಲ ಪಾಠವಾಗಬೇಕು. ವೈನ್‌ಬರ್ಗ್ ಅವರ ತಂಡ 2016ರಲ್ಲಿ ಅಮೆರಿಕದ 12 ರಾಜ್ಯಗಳಲ್ಲಿ ವಿದ್ಯಾರ್ಥಿಗಳ ಉತ್ತರಗಳನ್ನು ಸಂಗ್ರಹಿಸಿದಾಗ, ಮಾಧ್ಯಮಿಕ ಶಾಲೆಯ ಮಕ್ಕಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಮಂದಿ ‘ಪ್ರಾಯೋಜಿತ’ ಎಂಬ ಪದ ಎದುರಿಗಿದ್ದರೂ ಜಾಹೀರಾತನ್ನು ನಿಜವಾದ ಸುದ್ದಿಯೆಂದೇ ತಿಳಿದಿದ್ದರು. ನಮ್ಮಲ್ಲಿ ಇದನ್ನು ಕಲಿಸಲು ಇಂಟರ್ನೆಟ್ಟೇ ಬೇಕಾಗಿಲ್ಲ. ದಿನಪತ್ರಿಕೆಯ ಪುರವಣಿಗಳನ್ನು ತಂದು ಮಕ್ಕಳ ಮುಂದೆ ಹರಡಿ, ಸುದ್ದಿಯ ವೇಷದಲ್ಲಿರುವ ಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅಡಗಿರುವ ‘ಜಾಹೀರಾತು’ ಎಂಬ ಪದಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಲು ಹೇಳಿದರೆ ಸಾಕು. ಮಕ್ಕಳ ಕಣ್ಣು ಚುರುಕು, ಪದ ಸಿಕ್ಕಿದಾಗ ಅವರಿಗಾಗುವ ಖುಷಿಯೇ ಬೇರೆ.

ಅದೇ 2016ರ ಸಮೀಕ್ಷೆಯಲ್ಲಿ ಇನ್ನೊಂದು ಪ್ರಶ್ನೆ ಹೈಸ್ಕೂಲಿನವರಿಗೆ. ಅಡ್ಡಾದಿಡ್ಡಿ ಬೆಳೆದ ಸೇವಂತಿಯಂಥ ಹೂಗಳ ಒಂದು ಫೋಟೊ, ಜಪಾನಿನ ಫುಕುಶಿಮಾ ಅಣುಸ್ಥಾವರ ದುರಂತದಿಂದ ಹೂಗಳು ಹೀಗಾಗಿವೆ ಎಂಬ ಬರಹ. ಇದು ಅಲ್ಲಿನ ಪರಿಸ್ಥಿತಿಗೆ ಗಟ್ಟಿ ಸಾಕ್ಷಿಯೇ? ಫೋಟೊ ಎಲ್ಲಿ ತೆಗೆದದ್ದು, ಹಾಕಿದವರು ಯಾರು ಎಂದು ಪ್ರಶ್ನಿಸಿದವರು ಐದರಲ್ಲಿ ಒಬ್ಬರೂ ಇರಲಿಲ್ಲ. ಹೂಗಳು ಹಾಗೆ ವಿಕಾರವಾಗಿ ಬೆಳೆಯುವುದು ಅಣುವಿಕಿರಣದ ಸುಳಿವೇ ಇಲ್ಲದ ಜಾಗದಲ್ಲೂ ಉಂಟು.

ನಮ್ಮ ತರಗತಿಗೆ ಇದಕ್ಕಿಂತ ಹತ್ತಿರದ ಒಂದು ಚಿತ್ರ ಇದೆ. ಪ್ರತಿ ದೀಪಾವಳಿಗೂ ತಪ್ಪದೆ ಬರುವ ‘ನಾಸಾ ಉಪಗ್ರಹ ತೆಗೆದ ದೀಪಾವಳಿ ರಾತ್ರಿಯ ಭಾರತ’. ಬಿಳಿ, ನೀಲಿ, ಹಸಿರು, ಕೆಂಪು ಬೆಳಕಿನಲ್ಲಿ ದೇಶವೆಲ್ಲ ಝಗಮಗಿಸುವ ಚಿತ್ರ. ಮಕ್ಕಳನ್ನು ನಾಲ್ಕು ಗುಂಪು ಮಾಡಿ, ಶಾಲೆಯ ಕಂಪ್ಯೂಟರಿನಲ್ಲೋ ಮೇಷ್ಟ್ರ ಮೊಬೈಲಿನಲ್ಲೋ ಈ ಚಿತ್ರವನ್ನೇ ಕೊಟ್ಟು ಹುಡುಕಿಸಬೇಕು. ಪದಗಳ ಬದಲು ಚಿತ್ರವನ್ನೇ ಹಾಕಿ ಹುಡುಕುವ ಸೌಲಭ್ಯ ಈಗ ಸಾಮಾನ್ಯ ಮೊಬೈಲಿನಲ್ಲೂ ಇದೆ. ಮೊದಲು ಸಿಗುವುದು ಅದೇ ಚಿತ್ರದ ನೂರಾರು ನಕಲು, ಅದೇ ಒಕ್ಕಣೆ. ‘ಇಷ್ಟೊಂದು ಕಡೆ ಇದೆಯಲ್ಲ ಸರ್, ನಿಜವೇ ಇರಬೇಕು’ ಎಂದು ಒಬ್ಬರಾದರೂ ಹೇಳಿಯೇ ಹೇಳುತ್ತಾರೆ. ಮೇಷ್ಟ್ರು ಅವಸರ ಮಾಡದೆ ನಿಲ್ಲಬೇಕಾದ ಜಾಗ ಇದು. ನೂರು ಕಡೆ ಇರುವುದು ನೂರು ಸಾಕ್ಷಿಗಳೋ, ಒಬ್ಬನ ಮಾತನ್ನೇ ನೂರು ಬಾಯಿ ಹೇಳಿದ್ದೋ? ಎಲ್ಲದರ ಒಕ್ಕಣೆ ಒಂದೇ ಆಗಿದ್ದರೆ, ತಪ್ಪೂ ಒಂದೇ ಕಡೆ ಇದ್ದರೆ, ಮೂಲವೂ ಒಂದೇ.

ಇನ್ನಷ್ಟು ಹಿಂದೆ ಹೋದರೆ ಅಸಲಿ ಸಂಗತಿ ಸಿಗುತ್ತದೆ. ಅಮೆರಿಕದ ಹವಾಮಾನ ಸಂಸ್ಥೆ ನೋವಾದ ವಿಜ್ಞಾನಿಯೊಬ್ಬರು ಹಲವು ವರ್ಷಗಳ ರಾತ್ರಿ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ಮಾಡಿದ ನಕಾಶೆ ಅದು. ಬಿಳಿ ಎಂದರೆ 1992ಕ್ಕೂ ಮೊದಲು ಇದ್ದ ದೀಪಗಳು. ನೀಲಿ, ಹಸಿರು, ಕೆಂಪು ಎಂದರೆ 1992, 1998, 2003ರಲ್ಲಿ ಹೊಸದಾಗಿ ಕಂಡ ದೀಪಗಳು. ಊರುಗಳು ಬೆಳೆದ ಬಗೆಯನ್ನು ತೋರಿಸುವ ಚಿತ್ರವದು, ಹಬ್ಬದ್ದಲ್ಲ. ಈ ಗೊಂದಲ ಹೆಚ್ಚಿದ್ದರಿಂದ ನಾಸಾ 2012ರ ನವೆಂಬರ್ 12ರ ರಾತ್ರಿಯ ನಿಜವಾದ ಚಿತ್ರವನ್ನೇ ಪ್ರಕಟಿಸಿ, ಹಬ್ಬದ ಹೆಚ್ಚುವರಿ ಬೆಳಕು ಬಾಹ್ಯಾಕಾಶದಿಂದ ಗುರುತಿಸಲಾಗದಷ್ಟು ಕಡಿಮೆ ಎಂದು ವಿವರಿಸಿತು. ಇಷ್ಟು ತಿಳಿದ ಮಕ್ಕಳಿಗೆ ದೀಪಾವಳಿಯ ಮೇಲಿನ ಪ್ರೀತಿ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಹುಸಿ ಚಿತ್ರಕ್ಕಿಂತ ನಿಜವಾದ ಕತೆಯೇ ಹೆಚ್ಚು ಸ್ವಾರಸ್ಯಕರ ಎಂಬುದೂ ಗೊತ್ತಾಗುತ್ತದೆ.

ಕನ್ನಡ ಮಕ್ಕಳಿಗೆ ಒಂದು ಹೆಚ್ಚಿನ ಕಷ್ಟವಿದೆ, ಅದನ್ನು ಮುಚ್ಚಿಡಬಾರದು. ‘ಹೊರಗೆ ಹೋಗಿ ವಿಚಾರಿಸು’ ಎಂದರೆ ಹೊರಗೆ ಕನ್ನಡದಲ್ಲಿ ಮಾತಾಡುವವರು ಬೇಕಲ್ಲ! ಇಂಗ್ಲಿಷ್ ವಿಕಿಪೀಡಿಯದಲ್ಲಿ 60 ಲಕ್ಷಕ್ಕೂ ಹೆಚ್ಚು ಲೇಖನಗಳಿದ್ದರೆ ಕನ್ನಡದ್ದರಲ್ಲಿ ಇರುವುದು ಕೆಲವು ಹತ್ತು ಸಾವಿರ. ಔಷಧಿ, ಲಸಿಕೆ, ರಸಗೊಬ್ಬರದ ಬಗ್ಗೆ ಕನ್ನಡದಲ್ಲಿ ಹುಡುಕಿದರೆ ಎಷ್ಟೋ ಸಲ ಸಿಗುವುದು ಫಾರ್ವರ್ಡಿನದೇ ಮತ್ತೊಂದು ರೂಪ. ಆದ್ದರಿಂದ ಇಂಗ್ಲಿಷಿನಲ್ಲಿ ಒಂದೆರಡು ಪದ ಟೈಪಿಸಿ ಹುಡುಕುವುದನ್ನೂ, ಸಿಕ್ಕಿದ್ದನ್ನು ಅನುವಾದದ ಗುಂಡಿ ಒತ್ತಿ ಓದುವುದನ್ನೂ ಸರ್ಕಾರಿ ಶಾಲೆಯ ಮಕ್ಕಳಿಗೆ ಧೈರ್ಯವಾಗಿ ಕಲಿಸಬೇಕು. ‘ವಿಕಿಪೀಡಿಯ ಮುಟ್ಟಬೇಡಿ’ ಎಂಬ ಮಡಿವಂತಿಕೆಯೂ ಬೇಡ. ಸ್ಟ್ಯಾನ್‌ಫರ್ಡ್ ಅಧ್ಯಯನದ ಫ್ಯಾಕ್ಟ್‌ಚೆಕರ್‌ಗಳು ವಿಕಿಪೀಡಿಯಕ್ಕೆ ಹೋದರು, ಲೇಖನ ಓದುತ್ತಾ ಕೂರದೆ ಅದರ ತಳದಲ್ಲಿರುವ ಆಧಾರಗಳ ಪಟ್ಟಿಗೆ ಇಳಿದರು.

ಇಷ್ಟೆಲ್ಲ ಕಲಿಸಿದರೆ ಪರಿಣಾಮವಾಗುತ್ತದೆಯೇ? ಇದಕ್ಕೆ ನಮ್ಮ ದೇಶದಿಂದಲೇ ಎರಡು ಉತ್ತರಗಳಿವೆ, ಎರಡೂ ಬಿಹಾರದವು. 2019ರ ಲೋಕಸಭಾ ಚುನಾವಣೆಯ ಹೊತ್ತಿನಲ್ಲಿ ರಾಜಕೀಯ ವಿಜ್ಞಾನಿ ಸುಮಿತ್ರಾ ಬದ್ರಿನಾಥನ್ ಅಲ್ಲಿನ 1,200ಕ್ಕೂ ಹೆಚ್ಚು ಮತದಾರರನ್ನು ಒಳಗೊಂಡ ಪ್ರಯೋಗ ನಡೆಸಿದರು. ಸುಮಾರು ಒಂದು ಗಂಟೆಯ ಪಾಠ, ಸುಳ್ಳು ಸುದ್ದಿ ಗುರುತಿಸುವ ಉಪಾಯಗಳು. ಒಟ್ಟಾರೆ ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. ಕೆಲವರಲ್ಲಂತೂ ತಮ್ಮ ಪಕ್ಷಕ್ಕೆ ಹಿತವಾದ ಸುಳ್ಳನ್ನು ಗುರುತಿಸುವ ಶಕ್ತಿ ಇನ್ನೂ ಕುಗ್ಗಿತ್ತು. ಒಂದು ದಿನದ ‘ಜಾಗೃತಿ ಕಾರ್ಯಕ್ರಮ’ ಮಾಡಿ, ಫೋಟೊ ತೆಗೆಸಿ, ವರದಿ ಕಳಿಸುವ ನಮ್ಮ ಇಲಾಖೆಗಳು ಇದನ್ನು ಗಮನಿಸಬೇಕು.

ಬದ್ರಿನಾಥನ್ ಮತ್ತು ಜೊತೆಗಾರರು ಆಮೇಲೆ ದಾರಿ ಬದಲಿಸಿದರು. ದೊಡ್ಡವರ ಬದಲು ಶಾಲಾ ಮಕ್ಕಳು, ಒಂದು ಗಂಟೆಯ ಬದಲು ನಾಲ್ಕು ತಿಂಗಳು. ರಾಜ್ಯ ಸರ್ಕಾರದ ಸಂಸ್ಥೆಯೊಂದರ ಜೊತೆಗೂಡಿ 583 ಹಳ್ಳಿಗಳಲ್ಲಿ 13,500 ಮಕ್ಕಳನ್ನು ಒಳಗೊಂಡ ಪ್ರಯೋಗ ನಡೆಸಿದರು. ವಿಷಯ ಆರೋಗ್ಯಕ್ಕೆ ಸಂಬಂಧಿಸಿದ ಸುಳ್ಳುಗಳು ಮಾತ್ರ. ಪಾಠ ಕೇಳಿದ ಮಕ್ಕಳು ನಿಜ ಯಾವುದು, ಸುಳ್ಳು ಯಾವುದು ಎಂದು ಉಳಿದವರಿಗಿಂತ ಚೆನ್ನಾಗಿ ಬೇರ್ಪಡಿಸಿದರು. ಪಾಠ ಮುಗಿದು ನಾಲ್ಕು ತಿಂಗಳ ಮೇಲೆ ಮತ್ತೆ ಕೇಳಿದಾಗಲೂ ಆ ಶಕ್ತಿ ಉಳಿದಿತ್ತು, ಕಲಿಸದೇ ಇದ್ದ ರಾಜಕೀಯ ಸುಳ್ಳುಗಳಿಗೂ ಅದು ಹಬ್ಬಿತ್ತು. ನನಗೆ ಎಲ್ಲಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸಿದ್ದು ಇನ್ನೊಂದು ಸಂಗತಿ. ಆ ಮಕ್ಕಳ ತಂದೆತಾಯಿ ಕೂಡ, ತರಗತಿಯಲ್ಲಿ ಒಂದು ದಿನವೂ ಕೂರದೆ, ಮೊದಲಿಗಿಂತ ಜಾಣರಾಗಿದ್ದರು.

ಮನೆಯಲ್ಲಿ ಇದು ಹೇಗೆ ನಡೆಯುತ್ತದೆ ಎಂಬುದನ್ನು ಊಹಿಸಬಹುದು. ಬೆಳಗಿನ ಗುಲಾಬಿ ಹೂವಿನ ‘ಶುಭೋದಯ’ದ ಬೆನ್ನಿಗೇ ಕುಟುಂಬದ ಗುಂಪಿನಲ್ಲಿ ಒಂದು ಭಯಂಕರ ಸುದ್ದಿ ಬೀಳುತ್ತದೆ, ಕಳಿಸಿದವರು ದೊಡ್ಡಪ್ಪ. ‘ಇದು ಸುಳ್ಳು’ ಎಂದು ಮಕ್ಕಳು ನೆಟ್ಟಗೆ ಬರೆದರೆ ಮನೆಯಲ್ಲಿ ರಾಮಾಯಣ. ಹಾಗಾಗಿ ಮಕ್ಕಳಿಗೆ ಹುಡುಕುವ ವಿದ್ಯೆಯ ಜೊತೆಗೆ ಕೇಳುವ ರೀತಿಯನ್ನೂ ಹೇಳಿಕೊಡಬೇಕು. ‘ದೊಡ್ಡಪ್ಪ, ಇದು ನಿಮಗೆ ಯಾರು ಕಳಿಸಿದ್ದು? ಅವರಿಗೆ ಎಲ್ಲಿಂದ ಸಿಕ್ಕಿತಂತೆ?’ ಎಂದರೆ ಮರ್ಯಾದೆಗೂ ಕುಂದಿಲ್ಲ, ಪ್ರಶ್ನೆಯೂ ಉಳಿಯುತ್ತದೆ.

ದೊಡ್ಡವರು ಅದನ್ನು ‘ಎದುರು ಮಾತು’ ಎನ್ನದೆ ಇರಬೇಕು, ಅಷ್ಟೆ. ಶಾಲೆಯಲ್ಲಿ ಇದು ಇನ್ನೂ ಕಷ್ಟ. ಪುಸ್ತಕದಲ್ಲಿದ್ದದ್ದು ನಿಜ, ಮೇಷ್ಟ್ರು ಹೇಳಿದ್ದು ಕೊನೆ ಎಂದು ಹತ್ತು ವರ್ಷ ಕಲಿಸಿ, ಮೊಬೈಲಿನಲ್ಲಿ ಬಂದದ್ದನ್ನು ಮಾತ್ರ ಪ್ರಶ್ನಿಸು ಎಂದರೆ ಮಕ್ಕಳು ಎಲ್ಲಿಗೆ ಹೋಗಬೇಕು? ಬೆಂಗಳೂರಿನ ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರು ಈ ಗಂಟನ್ನು ಬಿಚ್ಚಲು ಜೀವಮಾನವೆಲ್ಲ ಹೆಣಗಿದರು. 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, ಪವಾಡಗಳನ್ನು ವೈಜ್ಞಾನಿಕವಾಗಿ ಪರೀಕ್ಷಿಸಲು ಅವರು ಸಮಿತಿ ರಚಿಸಿದ್ದು ರಾಜ್ಯದಲ್ಲಿ ದೊಡ್ಡ ಗದ್ದಲವನ್ನೇ ಎಬ್ಬಿಸಿತು. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ನಾಗರಿಕರ ಮೂಲಭೂತ ಕರ್ತವ್ಯ ಎಂದು ಸಂವಿಧಾನಕ್ಕೆ ಸೇರಿದ್ದೂ ಅದೇ ವರ್ಷದ 42ನೇ ತಿದ್ದುಪಡಿಯಲ್ಲಿ.

ಆದರೆ ಪ್ರಶ್ನಿಸುವುದನ್ನು ಕಲಿಸುವಾಗ ಒಂದು ಹಳ್ಳವಿದೆ. ‘ಯಾರನ್ನೂ ನಂಬಬೇಡ, ಎಲ್ಲರೂ ಸುಳ್ಳರೇ’ ಎಂದು ಕಲಿತ ಮಗು ಕೊನೆಗೆ ತನಗೆ ಇಷ್ಟವಾದದ್ದನ್ನು ನಂಬುತ್ತದೆ. ಮಾಧ್ಯಮ ಸಾಕ್ಷರತೆಯ ಹೆಸರಿನಲ್ಲಿ ಬರೀ ಅನುಮಾನವನ್ನು ಬಿತ್ತಿದರೆ ಅದು ತಿರುಗುಬಾಣವಾಗಬಹುದು ಎಂದು ಅಮೆರಿಕದ ಸಂಶೋಧಕಿ ಡಾನಾ ಬಾಯ್ಡ್ 2018ರಲ್ಲೇ ಎಚ್ಚರಿಸಿದ್ದರು. ಅನುಮಾನವನ್ನು ಮಾರಿ ಬದುಕಿದವರೂ ಇದ್ದಾರೆ. ಸಿಗರೇಟಿನಿಂದ ಕ್ಯಾನ್ಸರ್ ಬರುತ್ತದೆ ಎಂಬುದು ಸಾಬೀತಾಗುತ್ತಿದ್ದ ಕಾಲದಲ್ಲಿ, 1969ರಲ್ಲಿ, ಅಮೆರಿಕದ ತಂಬಾಕು ಕಂಪನಿಯೊಂದರ ಒಳಗಿನ ಟಿಪ್ಪಣಿಯಲ್ಲಿ ನಾವು ಮಾರಬೇಕಾದ ಸರಕು ಅನುಮಾನವೇ ಎಂಬರ್ಥದ ಮಾತಿತ್ತು. ಹಾಗಾಗಿ ತರಗತಿಯಲ್ಲಿ ಸುಳ್ಳುಗಳನ್ನು ಮಾತ್ರ ಕೊಟ್ಟು ಪರೀಕ್ಷಿಸಬಾರದು. ನಿಜವಾದ ಸುದ್ದಿಯನ್ನೂ ಕೊಟ್ಟು, ಹುಡುಕಿ ನೋಡಿದ ಮೇಲೆ ‘ಹೌದು, ಇದನ್ನು ನಂಬಬಹುದು’ ಎಂದು ಹೇಳುವುದನ್ನೂ ಅಭ್ಯಾಸ ಮಾಡಿಸಬೇಕು.

ನಂಬಲರ್ಹ ಮೂಲ ಎಂದರೆ ತಪ್ಪನ್ನೇ ಮಾಡದ್ದು ಎಂದು ಮಕ್ಕಳು ತಿಳಿಯಬಾರದು. ಎಂಎಂಆರ್ ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬ ಭಯ ಹುಟ್ಟಿದ್ದು ಯಾವುದೋ ಗಲ್ಲಿಯ ಪತ್ರಿಕೆಯಿಂದಲ್ಲ. 1998ರಲ್ಲಿ ಪ್ರತಿಷ್ಠಿತ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ನಲ್ಲಿ, ಬರೀ 12 ಮಕ್ಕಳನ್ನು ನೋಡಿ ಬರೆದ ಪ್ರಬಂಧದಿಂದ. ಅದನ್ನು ಆ ಪತ್ರಿಕೆ ಪೂರ್ತಿಯಾಗಿ ಹಿಂದಕ್ಕೆ ಪಡೆದದ್ದು 2010ರಲ್ಲಿ. ಹನ್ನೆರಡು ವರ್ಷ ತೀರಾ ತಡ, ಒಪ್ಪೋಣ. ಆದರೂ ಹಿಂದಕ್ಕೆ ಪಡೆಯುವ ವ್ಯವಸ್ಥೆ ಅಲ್ಲಿತ್ತು, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅದಿಲ್ಲ. ಲಸಿಕೆಯ ವದಂತಿಗಳ ಬಿಸಿ ನಮ್ಮ ನೆರೆಯ ಕೇರಳಕ್ಕೂ ತಟ್ಟಿತ್ತು. 2018ರಲ್ಲಿ ಕೊಡಗಿಗೆ ಹೊಂದಿಕೊಂಡ ಕಣ್ಣೂರಿನ ಜಿಲ್ಲಾಧಿಕಾರಿ ಮೀರ್ ಮೊಹಮ್ಮದ್ ಅಲಿ, ‘ಸತ್ಯಮೇವ ಜಯತೆ’ ಎಂಬ ಹೆಸರಿನಲ್ಲಿ 150 ಸರ್ಕಾರಿ ಶಾಲೆಗಳಲ್ಲಿ ಸುಳ್ಳು ಸುದ್ದಿಯ ಪಾಠ ಶುರುಮಾಡಿಸಿದರು.

ಈಗ ಕೃತಕ ಬುದ್ಧಿಮತ್ತೆ ಬಂದ ಮೇಲೆ ಒಳಗೆ ನೋಡಿ ಗುರುತಿಸುವ ಉಪಾಯಗಳು ಇನ್ನೂ ಬೇಗ ಹಳತಾಗುತ್ತಿವೆ. 2023ರ ನವೆಂಬರಿನಲ್ಲಿ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಮಹಿಳೆಯ ವಿಡಿಯೊಗೆ ಅಂಟಿಸಿ ಹರಿಬಿಟ್ಟಾಗ, ಆ ಮಹಿಳೆಯ ಮೂಲ ವಿಡಿಯೊ ಮೊದಲೇ ಜಾಲದಲ್ಲಿ ಇತ್ತು. ಅದನ್ನು ಹುಡುಕಿ ತೆಗೆದು ಪಕ್ಕದಲ್ಲಿಟ್ಟದ್ದರಿಂದ ಸಂಶಯಕ್ಕೆ ಎಡೆಯೇ ಉಳಿಯಲಿಲ್ಲ. ಬೆರಳು ಎಣಿಸು, ಕಣ್ಣು ಮಿಟುಕಿಸುವುದನ್ನು ನೋಡು ಎಂಬ ಸಲಹೆಗಳಿಗೆ ಆಯುಸ್ಸು ಕಡಿಮೆ. ಚಾಟ್‌ಬಾಟ್‌ಗಳ ಕತೆ ಬೇರೆ. ಅವು ತಪ್ಪನ್ನೂ ಸೊಗಸಾದ ಕನ್ನಡದಲ್ಲಿ, ಎಳ್ಳಷ್ಟೂ ಅಳುಕಿಲ್ಲದೆ ಹೇಳಬಲ್ಲವು. ವಾತ್ಸ್ಯಾಯನನ ಮೊದಲ ಪ್ರಶ್ನೆಯನ್ನು ಅವಕ್ಕೆ ಕೇಳಿಸಿ, ಕೊಟ್ಟ ಆಧಾರ ನಿಜಕ್ಕೂ ಇದೆಯೇ ಎಂದು ಮಕ್ಕಳಿಂದಲೇ ತೆರೆದು ನೋಡಿಸಬೇಕು.

ಇದಕ್ಕೆಲ್ಲ ಹೊಸ ಪಠ್ಯಪುಸ್ತಕ, ಹೊಸ ಪರೀಕ್ಷೆ ಬೇಡ ಎಂಬುದು ನನ್ನ ಅಭಿಪ್ರಾಯ. ಫಿನ್ಲೆಂಡ್ 2016ರಲ್ಲಿ ಪಠ್ಯಕ್ರಮ ಬದಲಿಸಿದಾಗ ಇದನ್ನು ಪ್ರತ್ಯೇಕ ವಿಷಯ ಮಾಡದೆ ಎಲ್ಲ ಪಾಠಗಳೊಳಗೂ ಹೆಣೆಯಿತು. ನಮ್ಮಲ್ಲಿ ಆರಂಭಿಸಲು ಒಳ್ಳೆಯ ಜಾಗ ಪ್ರಾಜೆಕ್ಟ್ ಪುಸ್ತಕದ ಕೊನೆಯ ಪುಟ. ಅಲ್ಲಿ ಇಂದು ಬಹುಪಾಲು ಮಕ್ಕಳು ‘ಮೂಲ: ಗೂಗಲ್’ ಎಂದು ಬರೆಯುತ್ತಾರೆ, ಮೇಷ್ಟ್ರು ಅದಕ್ಕೆ ರೈಟ್ ಹಾಕುತ್ತಾರೆ. ಬಸ್ಸಿನಲ್ಲಿ ಬಂದೆ ಎಂದ ಮಾತ್ರಕ್ಕೆ ಯಾವ ಊರಿನಿಂದ ಬಂದದ್ದು ಎಂದು ತಿಳಿಯುವುದಿಲ್ಲ.

‘ನಮ್ಮೂರ ಕೆರೆ’ ಎಂಬ ಪ್ರಾಜೆಕ್ಟನ್ನೇ ತೆಗೆದುಕೊಳ್ಳಿ. ಕೆರೆ ಯಾವ ಯಾವ ಮಳೆಗಾಲದಲ್ಲಿ ಕೋಡಿ ಬಿದ್ದಿತ್ತು ಎಂಬುದು ಅದರ ಕೆಳಗೆ ಗದ್ದೆ ಮಾಡಿದ ಅಜ್ಜನಿಗೆ ಗೊತ್ತು. ಕೆರೆಯ ಎಲ್ಲೆ ಎಲ್ಲಿಯವರೆಗೆ ಎಂಬುದಕ್ಕೆ ಅಜ್ಜನ ನೆನಪಿಗಿಂತ ಕಂದಾಯ ಇಲಾಖೆಯ ಗ್ರಾಮ ನಕಾಶೆ ಹೆಚ್ಚು ಗಟ್ಟಿ, ‘ದಿಶಾಂಕ್’ ಆ್ಯಪಿನಲ್ಲಿ ಸರ್ವೆ ನಂಬರನ್ನೂ ನೋಡಬಹುದು. ಕೆರೆ ಕಟ್ಟಿಸಿದವರು ಯಾರು ಎಂಬುದಕ್ಕೆ ಏರಿಯ ಮೇಲೆ ಶಾಸನವಿದ್ದರೆ ಶಾಸನ, ಇಲ್ಲದಿದ್ದರೆ ಊರಿನವರ ಕತೆ. ಕತೆಯನ್ನು ಕತೆ ಎಂದೇ ಬರೆಯಬೇಕು. ಒತ್ತುವರಿಯ ಬಗ್ಗೆ ಕೇಳುವಾಗ ಪಕ್ಕದ ಜಮೀನಿನವರ ಮಾತಿಗೆ ಎಷ್ಟು ತೂಕ ಎಂಬುದನ್ನು ಆರನೇ ತರಗತಿಯ ಹುಡುಗಿಯೂ ಲೆಕ್ಕ ಹಾಕಬಲ್ಲಳು. ಹತ್ತು ಅಂಕಗಳಲ್ಲಿ ಮೂರನ್ನು ಈ ಪುಟಕ್ಕೆ ಮೀಸಲಿಡಿ: ಯಾರು ಹೇಳಿದ್ದು, ಅವರಿಗೆ ಹೇಗೆ ಗೊತ್ತು, ಬೇರೆ ಎಲ್ಲಿ ವಿಚಾರಿಸಿದೆ. ಅಜ್ಜ ಒಂದು ಹೇಳಿ ನಕಾಶೆ ಇನ್ನೊಂದು ಹೇಳಿದರೆ ಎರಡನ್ನೂ ಇದ್ದ ಹಾಗೇ ಬರೆದ ಮಗುವಿಗೆ ಪೂರ್ತಿ ಅಂಕ ಕೊಡಿ.